ಎಡಕ್ಕೆ ತಗ್ಗುವ ಕಾರು

ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಮಾವನಿಗೆ ಕಣ್ಣು ಮಂಜಾದ ಮೇಲೆ ಗಟ್ಟಿಯಾಗಿ ಉಳಿದದ್ದು ಎರಡೇ: ಕಿವಿ ಮತ್ತು ಕುಂಡಿ. ಹಾಗಂತ ಅವರೇ ಹೇಳಿಕೊಂಡು ನಗುತ್ತಿದ್ದರು. ಸೀಟಿನ ಮೇಲೆ ಕೂತರೆ ಸಾಕು, ಗಾಡಿಯ ಹೊಟ್ಟೆಯಲ್ಲಿ ಏನು ನಡೆಯುತ್ತಿದೆ ಅಂತ ಅವರಿಗೆ ತಿಳಿಯುತ್ತಿತ್ತು. ಹಿಂದಿನ ಬಾಗಿಲಲ್ಲಿ ಎಷ್ಟು ಮಂದಿ ಹತ್ತಿದರು, ಭಾರದ ಚೀಲ ಹೊತ್ತವರು ಎಲ್ಲಿ ಕೂತರು, ಮೆಟ್ಟಿಲ ಮೇಲೇ ನೇತಾಡುತ್ತಿರುವವರು ಎಷ್ಟು ಮಂದಿ, ಎಲ್ಲವನ್ನೂ ಕನ್ನಡಿ ನೋಡದೆ ಹೇಳುತ್ತಿದ್ದರಂತೆ. ಸೊಸೆ ಇದನ್ನು ನೂರು ಸಲ ಕೇಳಿದ್ದಳು. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದಳು.

ಸೊಸೆಯ ಕಸುಬು ಹೊಲಿಗೆ ಯಂತ್ರದ ರಿಪೇರಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಾಲಲ್ಲಿ ತುಳಿಯುವ ಹಳೆಯ ಯಂತ್ರದಿಂದ ಹಿಡಿದು ಕಾರ್ಖಾನೆಯ ಮೋಟಾರು ಯಂತ್ರದವರೆಗೆ ಅವಳ ಮೇಜಿನ ಮೇಲೆ ಬಿಚ್ಚಿಸಿಕೊಳ್ಳದ್ದು ಯಾವುದೂ ಇಲ್ಲ. ನಟ್ಟು ಬೋಲ್ಟು ಅಂದರೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಗಂಡ ಪ್ರಿಂಟಿಂಗ್ ಪ್ರೆಸ್ಸಿಗೆ ಬೆಳಗ್ಗೆ ಏಳಕ್ಕೆ ಹೋದರೆ ಸಂಜೆ ಆರಕ್ಕೇ ಮುಖ ತೋರಿಸುವುದು. ಹಾಗಾಗಿ ಹಗಲೆಲ್ಲ ಮನೆಯಲ್ಲಿ ಮಾವ, ಸೊಸೆ ಇಬ್ಬರೇ. ಮಾವ ಮಾತಾಡುತ್ತಿದ್ದರು, ಅವಳು ಕೆಲಸ ಮಾಡುತ್ತ ಹೂಂಗುಟ್ಟುತ್ತಿದ್ದಳು.

ಕಾರು ಸಿಕ್ಕಿದ್ದು ಕನ್ನಡಕದ ಅಂಗಡಿಯಲ್ಲಿ. ಮಾವನ ಕಣ್ಣು ತೋರಿಸಲು ಹೋದಾಗ ಅಂಗಡಿಯವರು ದೀಪ ಹಿಡಿದು ನೋಡಿ, "ಇದಕ್ಕೆ ಕನ್ನಡಕದಿಂದ ಏನೂ ಆಗಲ್ಲ, ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗಿ" ಅಂದಿದ್ದರು. ಅಲ್ಲೇ ಗೋಡೆಗೆ ಒಂದು ಚೀಟಿ ಅಂಟಿಸಿತ್ತು: ಕಾರು ಮಾರಾಟಕ್ಕಿದೆ. ಅಂಗಡಿಯವರದ್ದೇ, ಬೂದು ಬಣ್ಣದ ಗಾಡಿ. ಹನ್ನೊಂದು ವರ್ಷ ಹಳೆಯದಾದರೂ ಮೈಮೇಲೆ ಒಂದು ಗೀರಿಲ್ಲ. ಅಂಗಡಿಯವರಿಗೆ ಐವತ್ತರ ಸುಮಾರು, ಒಂಟಿ ಮನುಷ್ಯ, ಮಾತು ಕಡಿಮೆ. ಎಷ್ಟೋ ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಅನ್ನುವುದು ಅವರ ಮುಖದ ಮೇಲೇ ಬರೆದಿತ್ತು. ಬೀಗದ ಕೈ ಕೊಟ್ಟವರು ಗಾಡಿ ರಸ್ತೆಯ ಕೊನೆ ತಿರುಗುವವರೆಗೂ ಅಂಗಡಿಯ ಬಾಗಿಲಲ್ಲೇ ನಿಂತಿದ್ದರು.

ಅದೇ ವಾರದ ಗುರುವಾರ, ಮಧ್ಯಾಹ್ನದ ಹೊತ್ತಿಗೆ, ಇಬ್ಬರೂ ಕಣ್ಣಾಸ್ಪತ್ರೆಗೆ ಹೊರಟರು. ಮಾವ ಮುಂದೆ, ಸೊಸೆಯ ಪಕ್ಕದಲ್ಲಿ. ಮೊದಲನೆಯ ತಿರುವಿನಲ್ಲೇ ಹಿಂದಿನಿಂದ ಟಕ್ ಅಂತ ಸದ್ದು. ಎರಡನೆಯ ತಿರುವಿನಲ್ಲಿ ಟಕ್ ಟಕ್. ಗಾಡಿ ಎಡಕ್ಕೆ ವಾಲಿತು. ಮತ್ತೆ ನೆಟ್ಟಗಾಗಲು ಮನಸ್ಸೇ ಇಲ್ಲದಂತೆ ತಡ ಮಾಡಿತು.

"ಹಿಂದೆ ಯಾರಮ್ಮ ಕೂತಿರೋದು?" ಅಂದರು ಮಾವ.

"ಯಾರೂ ಇಲ್ಲ ಮಾವ. ನಾವಿಬ್ರೇ."

"ಎಡಗಡೆ ಇದ್ದಾರಲ್ಲ. ದಪ್ಪಗಿದ್ದಾರೆ, ಪಾಪ. ಬಾಗಿಲಿಗೆ ಒರಗಿ ಕೂತಿದ್ದಾರೆ."

ಅವಳು ಕನ್ನಡಿಯಲ್ಲಿ ನೋಡಿದಳು. ಖಾಲಿ ಸೀಟಿನ ಮೇಲೆ ಬಿಸಿಲು ಬಿದ್ದಿತ್ತು. "ಅದು ಸ್ಟೆಬಿಲೈಜರ್ ಬಾರ್ ಮಾವ, ಹೋಗಿರ್ಬೇಕು" ಅಂದಳು.

ಸ್ಟೆಬಿಲೈಜರ್ ಬಾರ್ ಅಂದರೆ ಒಂದು ಬಾಗಿದ ಉಕ್ಕಿನ ಕಂಬಿ. ಹಿಂದಿನ ಎರಡು ಚಕ್ರಗಳನ್ನೂ ಅಡ್ಡಡ್ಡಲಾಗಿ ಹಿಡಿದುಕೊಂಡಿರುತ್ತದೆ. ತಿರುವಿನಲ್ಲಿ ಗಾಡಿ ಒಂದು ಮಗ್ಗುಲಿಗೆ ವಾಲಲು ಹೋದರೆ ಇನ್ನೊಂದು ಮಗ್ಗುಲನ್ನು ಜಗ್ಗಿ ಸರಿದೂಗಿಸುವುದು ಅದರ ಕೆಲಸ. ಅದು ಹೋದರೆ ಸದ್ದೂ ಬರುತ್ತದೆ, ಗಾಡಿ ವಾಲುವುದೂ ಉಂಟು. ಮಾವನಿಗೂ ಇದೆಲ್ಲ ಗೊತ್ತು. ಆದರೂ ಅವರು ತಲೆ ಅಲ್ಲಾಡಿಸಿದರು. "ಕಂಬಿ ಹೋಗಿರೋದೂ ಹೌದು. ಹಿಂದೆ ಕೂತಿರೋದೂ ಹೌದು."

ಗ್ಯಾರೇಜಿನವನು ಎರಡು ವಾರ ಬಿಟ್ಟು ಬನ್ನಿ ಅಂದ. ಎರಡು ವಾರ ಆ ಸದ್ದು ಕೇಳುವುದಕ್ಕಿಂತ ತಾನೇ ಕೈ ಹಾಕುವುದು ಮೇಲು ಅಂತ ಸೊಸೆ ಹೊಸ ಕಂಬಿ, ಅದರ ತುದಿಗಳನ್ನು ಚಕ್ರಕ್ಕೆ ಜೋಡಿಸುವ ಎರಡು ಲಿಂಕು, ಕಂಬಿಗೆ ಮೆತ್ತೆಯಾಗುವ ರಬ್ಬರಿನ ಬುಷ್ಷುಗಳನ್ನು ಕೊಂಡು ತಂದಳು. ಶನಿವಾರ ಬೆಳಗ್ಗೆ ಗಂಡ ಅತ್ತ ಹೋದದ್ದೇ ತಡ, ಇತ್ತ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಇಳಿದಳು. ಮಾವ ಕುರ್ಚಿ ಹಾಕಿಸಿಕೊಂಡು ಪಕ್ಕದಲ್ಲಿ ಕೂತರು. ಕೈಗೆ ಸಿಕ್ಕ ಸ್ಪ್ಯಾನರನ್ನು ಬೆರಳಲ್ಲಿ ತಡವಿಯೇ ಇದು ಹದಿನಾಲ್ಕು, ಇದು ಹದಿನೇಳು ಅಂತ ಹೇಳುವಷ್ಟು ಅಭ್ಯಾಸ ಅವರಿಗಿತ್ತು.

ಮುಂದಿನ ಚಕ್ರಗಳಿಗೆ ಅಡ್ಡಗಲ್ಲು ಇಟ್ಟು, ಹಿಂಭಾಗವನ್ನು ಜಾಕಿನಲ್ಲಿ ಎತ್ತಿ, ಎರಡೂ ಕಡೆ ಸ್ಟ್ಯಾಂಡ್ ಕೊಟ್ಟಳು. ಕಾರನ್ನು ಎರಡು ಸಲ ಅಲ್ಲಾಡಿಸಿ ನೋಡಿ, ಚಕ್ರ ಕಳಚಿ, ಗೋಣಿ ಹಾಸಿಕೊಂಡು ಕೆಳಗೆ ನುಸುಳಿದಳು. ಲಿಂಕಿನ ನಟ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಎಣ್ಣೆ ಬಿಟ್ಟು ಕಾಯಬೇಕಾಯಿತು. ತಿರುಗಿಸಲು ಹೋದರೆ ಒಳಗಿನ ಬೋಲ್ಟೂ ನಟ್ಟಿನ ಜೊತೆಗೇ ಗಿರಗಿರ ತಿರುಗಿತು; ಅದನ್ನು ಅಲೆನ್ ಕೀಯಿಂದ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ಎಳೆದು, ಬಾಯಿಗೆ ಬಂದ ಬೈಗುಳವನ್ನು ಮಾವ ಪಕ್ಕದಲ್ಲೇ ಇದ್ದಾರೆ ಅಂತ ನುಂಗಿಕೊಂಡಳು.

"ಬೈದುಬಿಡಮ್ಮ" ಅಂದರು ಮಾವ. "ಬೈಸಿಕೊಳ್ಳದೆ ಬಿಚ್ಚೋ ನಟ್ಟು ಇನ್ನೂ ತಯಾರಾಗಿಲ್ಲ."

ಹಳೆಯ ಕಂಬಿ ಕೈಗೆ ಬಂದಾಗ ಹತ್ತು ಗಂಟೆ ದಾಟಿತ್ತು. ಎಡ ತುದಿಯ ಹತ್ತಿರ ಕೂದಲೆಳೆಯಷ್ಟು ಬಿರುಕು. ಬಲಗಡೆಯ ಬುಷ್ಷು ಹೊಸದರಂತಿತ್ತು, ಎಡಗಡೆಯದು ಒಣಗಿದ ಬಾಳೆಸಿಪ್ಪೆಯಾಗಿತ್ತು. ಅವಳಿಗೆ ಅದಕ್ಕಿಂತ ಹೆಚ್ಚು ವಿಚಿತ್ರ ಅನಿಸಿದ್ದು ಎಡಗಡೆಯ ಸ್ಪ್ರಿಂಗು. ಅದರ ಸುರುಳಿಗಳ ನಡುವೆ ಯಾರೋ ಮೂರು ರಬ್ಬರ್ ಉಂಡೆಗಳನ್ನು ತುರುಕಿದ್ದರು. ಮಗ್ಗುಲು ತಗ್ಗಿದರೆ ಹೀಗೆ ಒಂದು ಹಾಕುವುದುಂಟು. ಮೂರು ಹಾಕಿದ್ದನ್ನು ಅವಳು ಕೇಳಿಯೂ ಇರಲಿಲ್ಲ. ಬಲಗಡೆ ಒಂದೂ ಇಲ್ಲ.

"ಅಂಗಡಿಯವರೂ ಇದರ ಜೊತೆ ಸಾಕಷ್ಟು ಗುದ್ದಾಡಿದ್ದಾರೆ ಮಾವ."

"ಗೆದ್ದಿಲ್ಲ ಅಂತ ಕಾಣುತ್ತೆ."

ರಬ್ಬರ್ ಉಂಡೆಗಳನ್ನು ಕಿತ್ತು ಬದಿಗಿಟ್ಟಳು. ಹೊಸ ಕಂಬಿಯನ್ನು ಎತ್ತಿ ಕೂರಿಸಿ, ಬುಷ್ಷಿಗೆ ಗ್ರೀಸ್ ಸವರಿ, ಬೋಲ್ಟುಗಳನ್ನು ಕೈಬಿಗಿ ಮಾಡಿದಳು. ಕೊನೆಯ ಬಿಗಿಯನ್ನು ಗಾಡಿಯ ಭಾರವೆಲ್ಲ ಚಕ್ರಗಳ ಮೇಲೆ ಬಿದ್ದಾಗಲೇ ಕೊಡಬೇಕು, ಇಲ್ಲದಿದ್ದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಹಾಗಾಗಿ ಚಕ್ರ ಹಾಕಿ, ಎರಡಕ್ಕೂ ದಪ್ಪ ಮರದ ಹಲಗೆ ಕೊಟ್ಟು ಗಾಡಿಯನ್ನು ಇಳಿಸಿ, ಮತ್ತೆ ಕೆಳಗೆ ಹೋದಳು. ಬಲಗಡೆ ಮುಗಿಯಿತು. ಎಡಗಡೆಯ ಲಿಂಕಿಗೆ ಸ್ಪ್ಯಾನರ್ ಕೊಟ್ಟಿದ್ದಳು.

ಆಗ ಗಾಡಿ ಎಡಕ್ಕೆ ತಗ್ಗಿತು.

ಧಡಕ್ಕನೆ ಅಲ್ಲ. ಮಂಡಿನೋವಿನವರು ಸೀಟಿನ ಅಂಚು ಹಿಡಿದು, ಮೊದಲು ಅರ್ಧ ಕೂತು, ಆಮೇಲೆ ಪೂರ್ತಿ ಸರಿದುಕೊಳ್ಳುತ್ತಾರಲ್ಲ, ಹಾಗೆ ಎರಡು ಸಲಕ್ಕೆ ತಗ್ಗಿತು. ಅವಳ ಮುಖದಿಂದ ಒಂದು ಗೇಣು ದೂರದಲ್ಲಿ ಸ್ಪ್ರಿಂಗಿನ ಸುರುಳಿಗಳು ಹತ್ತಿರ ಬಂದವು. ಹೊಸ ರಬ್ಬರು ಕಿರ್ ಅಂತು. ಹೊಸ ಕಂಬಿಯ ತುದಿ ನಿಧಾನವಾಗಿ ಮೇಲೆದ್ದು ನಿಂತಿತು.

ಬಾಗಿಲು ತೆಗೆದ ಸದ್ದಾಗಿರಲಿಲ್ಲ. ಅವಳು ಕತ್ತು ತಿರುಗಿಸಿ ಎಡಗಡೆ ನೋಡಿದಳು. ಗಾಡಿಯ ಅಡಿಯಿಂದ ಅಂಗಳ ಕಾಣುತ್ತಿತ್ತು: ಕುರ್ಚಿಯ ನಾಲ್ಕು ಕಾಲು, ಮಾವನ ಎರಡು ಕಾಲು, ಅವರು ಬಿಟ್ಟ ಚಪ್ಪಲಿ, ಆಚೆ ಹಾಕಿದ ಗೇಟು. ಬೇರೆ ಯಾರ ಪಾದವೂ ಇರಲಿಲ್ಲ.

"ಮಾವ, ಗಾಡಿ ಮೇಲೆ ಕೈ ಇಟ್ರಾ?"

"ಇಲ್ಲಮ್ಮ, ಕೂತಲ್ಲೇ ಇದ್ದೀನಿ." ಮಾವನ ದನಿಯಲ್ಲಿ ಏನೂ ಗಾಬರಿಯಿರಲಿಲ್ಲ. "ಅವರು ಹತ್ತಿದ್ರಲ್ಲ."

"ಯಾರು?"

"ಅದೇ, ಅವತ್ತಿನವರು. ಸ್ವಲ್ಪ ಹೊತ್ತು ಬಾಗಿಲ ಹತ್ರ ನಿಂತು ಏದುಸಿರು ಬಿಡ್ತಿದ್ರು. ಆಮೇಲೆ ಹತ್ತಿದ್ರು. ನೀನು ಮಾತಾಡಿಸ್ತೀಯೇನೋ ಅಂತ ಸುಮ್ನಿದ್ದೆ."

ಅವಳಿಗೆ ಹೊರಗೆ ಬಂದುಬಿಡಬೇಕು ಅನಿಸಿತು, ಆದರೆ ಕೈ ಸ್ಪ್ಯಾನರನ್ನು ಬಿಡಲಿಲ್ಲ. ಅರ್ಧ ಬಿಗಿಯಾದ ನಟ್ಟನ್ನು ಹಾಗೇ ಬಿಟ್ಟು ಎದ್ದದ್ದು ಅವಳ ಜೀವಮಾನದಲ್ಲಿ ಇಲ್ಲ. ಹಲ್ಲು ಕಚ್ಚಿ ಇನ್ನೂ ಮೂರು ಸುತ್ತು ಎಳೆದಳು. ತಲೆಯ ಮೇಲೆ, ಸೀಟಿನ ಒಳಗಿನ ತಂತಿಗಳು ಒಮ್ಮೆ ಕಿರುಗುಟ್ಟಿದವು. ಯಾರೋ ಕೂತಲ್ಲೇ ಸ್ವಲ್ಪ ಸರಿದ ಹಾಗೆ. ಅವಳು ಇನ್ನೊಂದು ಸುತ್ತು ಎಳೆದು, ಅಂಗಾತ ಮಲಗಿದ್ದ ಹಾಗೇ ಜಾರಿಕೊಂಡು ಹೊರಬಂದಳು.

ಹಿಂದಿನ ಎಡಬಾಗಿಲನ್ನು ತೆರೆದಳು. ಯಾರೂ ಇಲ್ಲ. ಸೀಟಿನ ಮೆತ್ತೆ ಮಾತ್ರ ಬಾಗಿಲ ಪಕ್ಕದಲ್ಲಿ ಗುಳಿ ಬಿದ್ದಿತ್ತು. ಕೈಯಿಟ್ಟು ನೋಡುವ ಧೈರ್ಯ ಬರಲಿಲ್ಲ. ಒಳಗಿನಿಂದ ಅಳತೆಯ ಟೇಪು ತಂದು ಚಕ್ರದ ಮೇಲಿನ ಕಮಾನಿನಿಂದ ಹಲಗೆಯವರೆಗೆ ಅಳೆದಳು. ಬಲಗಡೆ ಅರವತ್ತಾರು ಸೆಂಟಿಮೀಟರ್, ಎಡಗಡೆ ಅರವತ್ತು. ಗೋಡೆಯ ಗಡಿಯಾರ ನೋಡಿದಳು: ಹನ್ನೊಂದು ಮುಕ್ಕಾಲು. ಅಂಗಳದ ಕಟ್ಟೆಯ ಮೇಲೆ ಮಾವನ ಪಕ್ಕದಲ್ಲಿ ಕೂತಳು. ಹನ್ನೆರಡೂವರೆಯ ಸುಮಾರಿಗೆ ಸ್ಪ್ರಿಂಗು ಮತ್ತೆ ಕಿರ್ ಅಂತು, ಗಾಡಿ ಮೇಲೆದ್ದಿತು. ಅಳೆದಳು. ಎರಡೂ ಕಡೆ ಅರವತ್ತಾರು.

"ಇಳಿದ್ರು" ಅಂದರು ಮಾವ.

ಊಟವಾದದ್ದೇ ಸೊಸೆ ಕನ್ನಡಕದ ಅಂಗಡಿಯವರಿಗೆ ಫೋನ್ ಮಾಡಿದಳು. ಏನಂತ ಶುರು ಮಾಡುವುದು? "ನಿಮ್ಮ ಗಾಡೀಲಿ ಎಡಗಡೆ ಸ್ಪ್ರಿಂಗಿಗೆ ಮೂರು ರಬ್ಬರ್ ಹಾಕಿದ್ರಲ್ಲ, ಯಾಕೆ?" ಅಂದಳು.

ಆ ಕಡೆಯಿಂದ ಅವರು, "ನಿಮಗೂ ತಗ್ಗುತ್ತಾ?" ಅಂದರು.

"ಇವತ್ತು ತಗ್ತು."

"ಹನ್ನೊಂದೂವರೆಗೆ."

"ಹೌದು."

"ಮಂಗಳವಾರ, ಗುರುವಾರ, ಶನಿವಾರ" ಅಂದರು ಅವರು. "ಗಾಡಿ ಕೈಬದಲಾದ್ರೆ ನಿಲ್ಲುತ್ತೆ ಅಂದ್ಕೊಂಡಿದ್ದೆ. ತಪ್ಪಾಯ್ತು. ನಿಮಗೆ ಹೇಳ್ಬೇಕಿತ್ತು. ಹೇಳಿದ್ರೆ ತಲೆ ಕೆಟ್ಟಿದೆ ಅಂತಿದ್ರಿ."

ಮಾತು ಕಡಿಮೆಯ ಆ ಮನುಷ್ಯ ಅವತ್ತು ಕಟ್ಟೆ ಒಡೆದಂತೆ ಮಾತಾಡಿದರು. ಅವರ ತಾಯಿಗೆ ಕಿಡ್ನಿ ಹೋಗಿತ್ತು. ನಾಲ್ಕು ವರ್ಷ, ವಾರಕ್ಕೆ ಮೂರು ದಿನ ಡಯಾಲಿಸಿಸ್. ಹನ್ನೊಂದೂವರೆಗೆ ಸರಿಯಾಗಿ ಹಿಂದಿನ ಎಡಗಡೆ ಸೀಟಿನಲ್ಲಿ ಕೂತುಬಿಡುತ್ತಿದ್ದರು.

"ಕೊನೇ ಶನಿವಾರನೂ ಹತ್ತಿ ಕೂತಿದ್ಲು. ಅಂಗಡೀಲಿ ಗಿರಾಕಿಗಳು ತುಂಬಿದ್ರು. ನನಗೂ ಸಾಕಾಗಿತ್ತು, ಸುಳ್ಳು ಯಾಕೆ ಹೇಳ್ಲಿ. ಒಂದು ದಿನ ತಪ್ಪಿದ್ರೆ ಏನೂ ಆಗಲ್ಲಮ್ಮ, ಇಳಿ ಅಂದೆ. ಅವಳು ಏನೂ ಅನ್ಲಿಲ್ಲ. ಇಳೀಲೂ ಇಲ್ಲ. ನಾನು ಮನಸ್ಸು ಬದಲಾಯಿಸ್ತೀನಿ ಅಂತ ಒಂದು ಗಂಟೆ ಕಾರಲ್ಲೇ ಕಾದ್ಲು. ಆಮೇಲೆ ತಾನೇ ಗೋಡೆ ಹಿಡ್ಕೊಂಡು ಒಳಗೆ ಹೋದ್ಲು. ಸೋಮವಾರ ಬೆಳಗ್ಗೆ ಎಬ್ಬಿಸೋಕೆ ಹೋದ್ರೆ ಮೈ ತಣ್ಣಗಾಗಿತ್ತು."

ಸೊಸೆ, "ಆಮೇಲೂ ಅವರು ಬಂದು ಹತ್ತಿದಾಗ ನೀವೇನು ಮಾಡ್ತಿದ್ರಿ?" ಅಂತ ಕೇಳಿದಳು.

"ಅಂಗಡಿ ಒಳಗೆ ಕೂತು ಬಾಗಿಲು ಹಾಕ್ಕೋತಿದ್ದೆ" ಅಂದರು ಅವರು.

ಪಕ್ಕದಲ್ಲಿ ಕಿವಿಗೊಟ್ಟು ಕೂತಿದ್ದ ಮಾವ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಫೋನ್ ಇಟ್ಟ ಮೇಲೆ ಅವರು ಹೆಚ್ಚು ಯೋಚನೆ ಮಾಡಲೇ ಇಲ್ಲ. "ಹತ್ತಿದವರನ್ನ ಅವರ ಸ್ಟಾಪಿಗೆ ಇಳಿಸ್ಬೇಕು ಕಣಮ್ಮ. ಸದ್ದು ಬಂದ್ರೆ ರಿಪೇರಿ ಮಾಡೋದು ಸರಿ. ಇದು ರಿಪೇರಿ ಕೆಲಸ ಅಲ್ಲ, ಡ್ರೈವರ್ ಕೆಲಸ."

ಗಂಡನಿಗೆ ಹೇಳಿದರೆ ಅಪ್ಪನಿಗೂ ಹೆಂಡತಿಗೂ ಒಟ್ಟಿಗೇ ಬಿಸಿಲು ತಗುಲಿದೆ ಅಂತ ನಕ್ಕ. ಸೋಮವಾರವೆಲ್ಲ ಅವಳಿಗೆ ಯಂತ್ರದ ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ. ಆದರೂ ಮಂಗಳವಾರ ಹನ್ನೊಂದೂ ಕಾಲಿಗೆ ಗಾಡಿಯನ್ನು ಗೇಟಿನ ಹೊರಗೆ ನಿಲ್ಲಿಸಿ, ಹಿಂದಿನ ಎಡಬಾಗಿಲು ತೆರೆದಿಟ್ಟು, ಸ್ಟಿಯರಿಂಗ್ ಹಿಡಿದು ಕೂತಳು. ಮಾವ ಶುಭ್ರವಾದ ಅಂಗಿ ಹಾಕಿಕೊಂಡು ಮುಂದಿನ ಸೀಟಿಗೆ ಬಂದರು.

ಹನ್ನೊಂದೂವರೆ. ಗಾಡಿ ಎರಡು ಸಲಕ್ಕೆ ತಗ್ಗಿತು.

"ಬಾಗಿಲು ಹಾಕ್ಲಾ?" ಅಂತ ಮಾವ ಹಿಂದಕ್ಕೆ ತಿರುಗಿ ಕೇಳಿದರು. ಉತ್ತರ ಬಂದಿತೋ ಇಲ್ಲವೋ, ಅವರೇ ಇಳಿದು ತಡವಿಕೊಂಡು ಹೋಗಿ ಬಾಗಿಲು ಹಾಕಿ ಬಂದರು. ಸೊಸೆ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಟ್ಟಳು. ನೋಡಿದರೆ ಖಾಲಿ ಸೀಟು ಕಾಣುತ್ತದೆ ಅಂತ ಗೊತ್ತಿತ್ತು. ಖಾಲಿ ಕಾಣದಿದ್ದರೆ ಅನ್ನುವುದೇ ಅವಳ ಭಯ.

ದಾರಿಯುದ್ದಕ್ಕೂ ಅವಳ ಕತ್ತಿನ ಹಿಂಭಾಗ ತಣ್ಣಗಿತ್ತು. ಅಂಗಡಿಗಳು, ಸಿಗ್ನಲ್ಲು, ಶಾಲೆಯ ಗೋಡೆ, ಎಲ್ಲ ಎಂದಿನಂತೆಯೇ ಇದ್ದವು. ಪಕ್ಕದಲ್ಲಿ ನಿಂತ ಸ್ಕೂಟರಿನವನೊಬ್ಬ ಇವರ ಹಿಂದಿನ ಕಿಟಕಿಯತ್ತ ನೋಡಿ, ದಾರಿ ಬಿಡುವವನಂತೆ ಸ್ವಲ್ಪ ಸರಿದುಕೊಂಡ. ತಿರುವುಗಳಲ್ಲಿ ಈಗ ಟಕ್ ಅನ್ನುವ ಸದ್ದಿರಲಿಲ್ಲ. ಹೊಸ ಕಂಬಿ ಗಾಡಿಯನ್ನು ತಕ್ಕಡಿಯಂತೆ ಹಿಡಿದಿತ್ತು. "ನಿಧಾನ ತಿರುಗಿಸು" ಅನ್ನುತ್ತಿದ್ದರು ಮಾವ. "ಅವರಿಗೆ ಕುಲುಕಿದ್ರೆ ಆಗಲ್ಲ."

ಆಸ್ಪತ್ರೆಯ ಪಕ್ಕದ ಬಾಗಿಲೇ ಡಯಾಲಿಸಿಸ್‌ಗೆ ಬರುವವರ ಬಾಗಿಲು. ಗೋಡೆಗೆ ಸಾಲಾಗಿ ಗಾಲಿಕುರ್ಚಿಗಳು. ಬೂದು ಕಾರು ನಿಂತದ್ದೇ ಕಾವಲಿನವನು ಒಂದು ಕುರ್ಚಿಯನ್ನು ಎಳೆದುಕೊಂಡು ಹಿಂದಿನ ಎಡಬಾಗಿಲ ಹತ್ತಿರ ಬಂದುಬಿಟ್ಟ. ಬಂದು, ಒಳಗೆ ನೋಡಿ, ನಾಚಿಕೊಂಡ. "ಈ ಗಾಡಿ ನೋಡಿ ಅಭ್ಯಾಸ. ಒಬ್ರು ಅಜ್ಜಿ ಬರ್ತಿದ್ರು" ಅಂದ.

ಸೊಸೆ ಇಳಿದು ಬಾಗಿಲು ತೆರೆದಳು. ಗಾಡಿ ಮೆಲ್ಲಗೆ ಮೇಲೆದ್ದಿತು. ಕಾವಲಿನವನು ಖಾಲಿ ಕುರ್ಚಿಯನ್ನು ತಿರುಗಿಸಿಕೊಂಡು ಹೊರಟ. ಒಂದು ಕೈಯಲ್ಲಿ ಎಳೆದು ತಂದಿದ್ದ ಅದನ್ನು ಇಳಿಜಾರಿನ ಮೇಲೆ ತಳ್ಳಲು ಅವನಿಗೆ ಎರಡೂ ಕೈ ಬೇಕಾದವು. ಮೇಲೆ ಹೋಗಿ ನಿಂತವನು ಗಾಲಿಯನ್ನು ಬಗ್ಗಿ ನೋಡುತ್ತಿದ್ದ.

ವಾಪಸ್ಸು ಬರುವಾಗ ಅವಳಿಗೆ ಅಳು ಬಂತು. ಯಾಕೆ ಅಂತ ತಿಳಿಯಲಿಲ್ಲ. ಮುಗೀತಲ್ಲ ಅಂದುಕೊಂಡಳು. ಅಂಗಳಕ್ಕೆ ಬಂದು ಎಂಜಿನ್ ಆರಿಸಿದಾಗ ಮಾವ, "ಎಷ್ಟು ಹೊತ್ತು ಹಿಡಿಯುತ್ತಂತೆ ಅದು?" ಅಂತ ಕೇಳಿದರು.

"ಯಾವುದು?"

"ಡಯಾಲಿಸಿಸ್."

"ನಾಲ್ಕು ಗಂಟೆ."

"ಹಾಗಾದ್ರೆ ನಾಲ್ಕಕ್ಕೆ ಅಲ್ಲಿರ್ಬೇಕು. ಕರ್ಕೊಂಡು ಬರೋರು ಯಾರು?"

ಅವಳು ಕನ್ನಡಕದ ಅಂಗಡಿಯವರಿಗೆ ಮತ್ತೆ ಫೋನ್ ಮಾಡಿ, ಐದು ಗಂಟೆಗೆ ಮನೆಯಲ್ಲಿರಿ ಅಂದಳು.

ನಾಲ್ಕು ಗಂಟೆಗೆ ಆ ಪಕ್ಕದ ಬಾಗಿಲ ಮುಂದೆ ಗಾಡಿ ಮತ್ತೆ ತಗ್ಗಿತು. ಬೆಳಗ್ಗಿನದಕ್ಕಿಂತ ಕಡಿಮೆ ತಗ್ಗಿತು. ಡಯಾಲಿಸಿಸ್ ಆದ ಮೇಲೆ ಮೈಯಲ್ಲಿ ನಿಂತ ನೀರೆಲ್ಲ ಹೋಗಿ ಭಾರ ಇಳಿದಿರುತ್ತದೆ ಅಂತ ಮಾವ ಹೇಳಿದರು. ಅವರಿಗೆ ಅದು ಹೇಗೆ ಗೊತ್ತು ಅಂತ ಅವಳು ಕೇಳಲಿಲ್ಲ.

ಅಂಗಡಿಯವರ ಮನೆ ಅಂಗಡಿಯ ಹಿಂದಿನ ಓಣಿಯಲ್ಲಿತ್ತು. ಅಂಗಡಿಯ ಬಾಗಿಲು ಎಳೆದಿತ್ತು. ಅವರು ಗೇಟಿನ ಮುಂದೆ ನಿಂತಿದ್ದರು, ಎಷ್ಟು ಹೊತ್ತಿನಿಂದಲೋ. ಗಾಡಿ ನಿಂತ ಮೇಲೂ ಅವರ ಕಾಲು ಮುಂದೆ ಬರಲಿಲ್ಲ. ಸೊಸೆಗೆ ಅವರ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬಾಗಿಲು ತೆಗೀರಿ ಸ್ವಾಮಿ, ಅವರಿಗೆ ಸುಸ್ತಾಗಿದೆ" ಅಂದರು.

ಅವರು ಬಂದು ಬಾಗಿಲು ತೆಗೆದರು. ಬಗ್ಗಿ ಎಡಗೈಯನ್ನು ಒಳಗೆ ಚಾಚಿದರು. ಗಾಡಿ ಮೇಲೆದ್ದಿತು. ಅವರು "ಅಮ್ಮಾ" ಅಂದರು. ಕೈಯನ್ನು ಹಾಗೇ ಮಡಿಸಿ ಹಿಡಿದುಕೊಂಡು, ಒಂದು ಭುಜ ಸ್ವಲ್ಪ ತಗ್ಗಿಸಿ, ಹೆಜ್ಜೆ ಹೆಜ್ಜೆಗೂ ನಿಂತು, ಗೇಟಿನಿಂದ ಬಾಗಿಲವರೆಗಿನ ಹತ್ತು ಮಾರು ದಾರಿಗೆ ಐದು ನಿಮಿಷ ತೆಗೆದುಕೊಂಡರು. ಮೂರು ಮೆಟ್ಟಿಲಿದ್ದವು. ಪ್ರತಿಯೊಂದರ ಮೇಲೂ ಕಾದರು. ಒಳಗೆ ಹೋದ ಮೇಲೆ ಬಾಗಿಲು ಹಾಕಿಕೊಂಡಿತು. ಹಾಕಿದ ಕೈ ಯಾರದು ಅಂತ ಸೊಸೆಗೆ ಕಾಣಲಿಲ್ಲ.

ಗುರುವಾರ ಗಾಡಿ ತಗ್ಗಲಿಲ್ಲ. ಶನಿವಾರವೂ ತಗ್ಗಲಿಲ್ಲ. ಶನಿವಾರ ಮಧ್ಯಾಹ್ನ ಅಂಗಡಿಯವರೇ ಫೋನ್ ಮಾಡಿದರು. ದನಿ ಹಗುರವಾಗಿತ್ತು, ಚೆನ್ನಾಗಿ ನಿದ್ದೆ ಮಾಡಿ ಎದ್ದವರ ದನಿ.

"ಒಂದು ಮಾತು ಹೇಳ್ಬೇಕಿತ್ತು" ಅಂದರು. "ಆಸ್ಪತ್ರೆ ಇನ್ನು ಸಾಕಂತೆ. ಮನೇಲೇ ಇರ್ತಾಳಂತೆ. ಮತ್ತೆ, ಈ ಸಲ ಗಾಡಿ ಒಂಚೂರೂ ಕುಲುಕಲಿಲ್ವಂತೆ. ಕಂಬಿ ಹಾಕಿದವರಿಗೆ ಹೇಳು ಅಂದ್ಲು."

"ಸಂತೋಷ ಅಂತ ಹೇಳಿ" ಅಂದುಬಿಟ್ಟಳು ಸೊಸೆ. ಗಿರಾಕಿಗಳಿಗೆ ಹೇಳಿ ಹೇಳಿ ಬಂದ ಮಾತು, ಬಾಯಿಂದ ತಾನಾಗಿ ಜಾರಿತು.

ಅವರು ಫೋನನ್ನು ಬಾಯಿಂದ ಸರಿಸಿ ಯಾರಿಗೋ ಅದನ್ನೇ ಹೇಳಿದ್ದು ಕೇಳಿಸಿತು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಆ ಮೌನದಲ್ಲಿ ಎರಡು ಉಸಿರುಗಳಿದ್ದವು. ಒಂದು ಸಮನಾಗಿತ್ತು, ಇನ್ನೊಂದು ಏದುಸಿರು.

ಅವಳು ಫೋನ್ ಇಟ್ಟು, ಬಿಚ್ಚಿಟ್ಟಿದ್ದ ಯಂತ್ರದ ಮುಂದೆ ಸುಮ್ಮನೆ ಕೂತಳು. ಮಾವನಿಗೆ ಹೇಳಿದರೆ, "ಅವರ ಮನೆಯವರು ಅವರ ಮನೇಲಿದ್ದಾರೆ, ಬಿಡು" ಅಂದು ಮಗ್ಗುಲಾದರು. ಅವಳಿಗೆ ಅಷ್ಟು ಸುಲಭವಾಗಿ ಬಿಡಲು ಆಗಲಿಲ್ಲ. ಆ ಮನುಷ್ಯ ಸುಖವಾಗಿದ್ದಾರೆ ಅನ್ನುವುದೇ ಅವಳನ್ನು ಹೆಚ್ಚು ಹೆದರಿಸಿತು.

ಮುಂದಿನ ಮಂಗಳವಾರ, ಕೈಯಲ್ಲಿದ್ದ ಕೆಲಸ ಬಿಟ್ಟು ಯಾವಾಗ ಅಂಗಳಕ್ಕೆ ಬಂದೆ ಅಂತ ಅವಳಿಗೇ ತಿಳಿಯಲಿಲ್ಲ. ಹನ್ನೊಂದೂವರೆಯಾಗಿತ್ತು. ಹಿಂದಿನ ಎಡ ಚಕ್ರದ ಪಕ್ಕದಲ್ಲಿ ನಿಂತು ಕಾದಳು. ಬಿಸಿಲು ಗಾಡಿಯ ಮೇಲಿಂದ ಜಾರಿ ಗೋಡೆಗೆ ಹೋಯಿತು. ಗಾಡಿ ಮಿಸುಕಲಿಲ್ಲ. ಹನ್ನೆರಡೂವರೆಯವರೆಗೂ ನಿಂತಿದ್ದು, ಆಮೇಲೆ ಒಳಗೆ ಹೋಗಿ ಕೈ ತೊಳೆದು, ಮಾವನಿಗೆ ಊಟ ಬಡಿಸಿದಳು.